ಹಾಡಿದವರ ಹೆಸರು

ನಮ್ಮ ಕೊರ್ತಾಲಿಮಿನ ಹಳೆಯ ಹೆಸರು ಕುಶಸ್ಥಳಿ. ಜುವಾರಿ ನದಿಯ ದಂಡೆಯ ಈ ಊರಲ್ಲಿ ಮಂಗೇಶ ದೇವರ ಗುಡಿ ಇತ್ತು. 1560ರಲ್ಲಿ ಪೋರ್ಚುಗೀಸರಿಂದ ಗುಡಿಗೆ ಕುತ್ತು ಬಂದಾಗ ಭಕ್ತರು ಲಿಂಗವನ್ನು ಹೊಳೆ ದಾಟಿಸಿ, ಅವರ ಆಳ್ವಿಕೆಗೆ ಇನ್ನೂ ಸೇರದಿದ್ದ ಪ್ರಿಯೋಳಕ್ಕೆ ಒಯ್ದರು. ಅದೇ ಇವತ್ತಿನ ಮಂಗೇಶಿ. ಆ ಊರಿನಲ್ಲಿ 1900ರಲ್ಲಿ ಹುಟ್ಟಿದ ಹುಡುಗನೊಬ್ಬ ದೇವರ ಹೆಸರನ್ನೇ ತನ್ನ ಅಡ್ಡಹೆಸರು ಮಾಡಿಕೊಂಡ. ಅವರೇ ದೀನಾನಾಥ ಮಂಗೇಶ್ಕರ್. ಅವರ ಹಿರಿಯ ಮಗಳು ಲತಾ. ಲೋಕವೆಲ್ಲ ಬಲ್ಲ ಆ ಮನೆತನದ ಹೆಸರಿನ ಬೇರು ನಮ್ಮ ಊರಿನ ಮಣ್ಣಲ್ಲಿದೆ ಅನ್ನೋದು ಇಲ್ಲಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಈ ತಂದೆ ಮಗಳ ಬಾಳನ್ನು ನೋಡಿದರೆ, ಹೊಸ ಯಂತ್ರ ಬಂದಾಗ ಹಾಡುವವರ ಹೊಟ್ಟೆಪಾಡು ಏನಾಗುತ್ತದೆ ಎಂಬ ಚರಿತ್ರೆ ಪೂರ್ತಿ ಸಿಗುತ್ತದೆ. ಅದನ್ನು ಈಗ ಹೇಳಲು ಒಂದು ಕಾರಣವೂ ಇದೆ. ಅದು ಕೊನೆಗೆ ಬರುತ್ತದೆ.

ದೀನಾನಾಥರು 1918ರಲ್ಲಿ ಗೆಳೆಯರ ಜೊತೆ ಬಲವಂತ ಸಂಗೀತ ಮಂಡಳಿ ಕಟ್ಟಿದರು. ಅದು ಮರಾಠಿ ಸಂಗೀತ ನಾಟಕದ ಭರಾಟೆಯ ಕಾಲ. ಅಂಥ ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೂ ಬಂದು ಡೇರೆ ಹಾಕುತ್ತಿದ್ದವು. ನಮ್ಮ ಕಡೆಯ ಕಂಪನಿ ನಾಟಕಗಳಿಗೆ ಅವುಗಳ ಗಾಳಿ ಚೆನ್ನಾಗಿ ತಾಗಿತ್ತು. ಲೆಕ್ಕ ಸರಳ. ಹಾಡು ಕೇಳಬೇಕಾದರೆ ಹಾಡುವವನ ಎದುರಿಗೆ ಹೋಗಿ ಕೂರಬೇಕು, ಟಿಕೇಟು ಕೊಳ್ಳಬೇಕು. ಜನ "ವನ್ಸ್ ಮೋರ್" ಅಂದರೆ ಅವನೇ ಮತ್ತೆ ಹಾಡಬೇಕು. ಗಂಟಲು ಎಲ್ಲಿತ್ತೋ ಗಲ್ಲಾಪೆಟ್ಟಿಗೆಯೂ ಅಲ್ಲೇ ಇತ್ತು.

ಈ ಗಂಟು ಬಿಚ್ಚಿದ ಮೊದಲ ಯಂತ್ರ ಗ್ರಾಮಫೋನು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ಬಿಳಿಯರ ಕಂಪನಿ ಮುದ್ರಿಸಿಕೊಂಡಿತು. ತಾಸುಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಮೊಟಕು ಮಾಡಬೇಕಾಯಿತು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಇದು ಯಾರ ದನಿ ಎಂದು ತಿಳಿದರೆ ತಾನೆ ಸರಿಯಾದ ಚೀಟಿ ಅಂಟಿಸುವುದು? ನಮಗೆ ಇದು ಹೊಸದೇನಲ್ಲ. ವಚನಕಾರರು, ದಾಸರು, ಶಿಶುನಾಳದ ಶರೀಫರು ಪದದ ಕೊನೆಗೆ ಅಂಕಿತ ಇಡುತ್ತಿದ್ದರಲ್ಲ, ಹಾಗೇ. ಬಾಯಿಂದ ಬಾಯಿಗೆ ಹೋಗುವ ಪದಕ್ಕೆ ಅಂಕಿತವೇ ಗುರುತಿನ ಚೀಟಿ.

1931ರ ಮಾರ್ಚ್ 14ರಂದು ಬೊಂಬಾಯಿಯಲ್ಲಿ 'ಆಲಂ ಆರಾ' ತೆರೆಕಂಡಿತು. ಸಿನಿಮಾಕ್ಕೆ ಮಾತು ಬಂತು, ಹಾಡು ಬಂತು. ನಾಟಕದ ಡೇರೆಗಳು ಬಿಕೋ ಅನ್ನತೊಡಗಿದವು. ದೀನಾನಾಥರ ಮಂಡಳಿ ಸಾಂಗ್ಲಿಯಲ್ಲಿ ತಾನೇ ಸಿನಿಮಾ ಮಾಡಲು ಇಳಿಯಿತು. 1934ರ 'ಕೃಷ್ಣಾರ್ಜುನ ಯುದ್ಧ' ಕೈಹಿಡಿಯಲಿಲ್ಲ. ಕಂಪನಿ ಮುಳುಗಿತು, ಸಾಲ ಉಳಿಯಿತು. 1942ರಲ್ಲಿ ದೀನಾನಾಥರು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ 41 ವರ್ಷ. ಹನ್ನೆರಡು ದಾಟಿದ್ದ ಲತಾ ಮನೆ ನಡೆಸಲು ಸಿನಿಮಾ ಕೆಲಸಕ್ಕೆ ಹೊರಟಳು. ಅಪ್ಪನ ಅನ್ನ ಕಿತ್ತುಕೊಂಡ ಯಂತ್ರದ ಬಾಗಿಲಲ್ಲೇ ಮಗಳು ಅನ್ನ ಹುಡುಕಬೇಕಾಯಿತು.

ಅದೇ ಗಾಳಿ ಕನ್ನಡದ ಕಂಪನಿಗಳಿಗೂ ಬೀಸಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದೂ 1934ರಲ್ಲೇ. ಅದನ್ನು ತೆಗೆದದ್ದು ಸಾಂಗ್ಲಿಯ ನೆರೆಯ ಕೊಲ್ಹಾಪುರದಲ್ಲಿ. ಆದರೆ ಗುಬ್ಬಿ ವೀರಣ್ಣನವರು ಎರಡು ದೋಣಿಯಲ್ಲೂ ಕಾಲಿಟ್ಟು ದಡ ಸೇರಿದರು. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಜನರನ್ನು ಹಿಡಿದಿಟ್ಟರು. ಇನ್ನೊಂದು ಕಡೆ ತಾವೇ ಸಿನಿಮಾ ತಯಾರಿಸಿದರು, ಚಿತ್ರಮಂದಿರಗಳನ್ನೂ ನಡೆಸಿದರು. ಅವರ ಸಂಸ್ಥೆಯ 'ಬೇಡರ ಕಣ್ಣಪ್ಪ' 1954ರಲ್ಲಿ ಬಂತು. ಅದರಲ್ಲಿ ನಾಯಕನಾದ ಮುತ್ತುರಾಜ ಅವರ ರಂಗದ ಮೇಲೇ ಬೆಳೆದ ಹುಡುಗ. ಆಮೇಲೆ ಅವರೇ ರಾಜಕುಮಾರ್. ವೀರಣ್ಣನವರ ಜಾಣತನ ಇದು: ಯಂತ್ರದ ಜೊತೆ ಜಗಳ ಆಡಲಿಲ್ಲ, ಯಂತ್ರದ ಒಡೆತನದಲ್ಲಿ ಪಾಲು ಹಿಡಿದರು. ಎಲ್ಲರಿಗೂ ಅಷ್ಟು ಬಂಡವಾಳ ಎಲ್ಲಿಂದ ಬರಬೇಕು?

ನಮ್ಮ ಕೊಂಕಣಿ ನೆರೆಯವರ ತಿಯಾತ್ರ್ ಬೇರೆ ದಾರಿ ಹಿಡಿಯಿತು. 1892ರ ಏಪ್ರಿಲ್ 17ರಂದು ಬೊಂಬಾಯಿಯಲ್ಲಿ ಲುಕಾಸಿನ್ಹೊ ರಿಬೆರೊ ಮೊದಲ ತಿಯಾತ್ರ್ ಆಡಿಸಿದರು. ರೇಡಿಯೋ, ಸಿನಿಮಾ, ಟೀವಿ ಎಲ್ಲ ಬಂದರೂ ಅದು ಇಂದಿಗೂ ಟಿಕೇಟಿನ ಮೇಲೆ ನಡೆಯುತ್ತದೆ. ನಾಟಕದ ನಡುವೆ ಬರುವ ಹಾಡುಗಳಲ್ಲಿ ಊರಿನ ರಾಜಕಾರಣದ ಬಿಸಿ ಸುದ್ದಿ ಇರುತ್ತದೆ. ಆ ಬಿಸಿಗೆ ಎದುರು ಕೂತು ನಗುವ ಜನ ಬೇಕು.

ಮತ್ತೆ ಲತಾ ಅವರ ಕಡೆಗೆ ಬರೋಣ. 1949ರ 'ಮಹಲ್' ಚಿತ್ರದ ಹಾಡು ದೇಶವನ್ನೇ ಮರುಳು ಮಾಡಿತು. ಆದರೆ ಗ್ರಾಮಫೋನ್ ತಟ್ಟೆಯ ಚೀಟಿಯಲ್ಲಿ ಹಾಡಿದವರ ಹೆಸರು 'ಕಾಮಿನಿ' ಎಂದಿತ್ತು. ಕಾಮಿನಿ ಅಂದರೆ ಚಿತ್ರದಲ್ಲಿನ ಪಾತ್ರ! ಇದು ಯಾರ ದನಿ ಅಂತ ಜನ ರೇಡಿಯೋಗೆ ಬರೆದು ಕೇಳಿದ ಮೇಲೆ ನಿಜವಾದ ಹೆಸರು ಹೊರಬಂತು. ಯಂತ್ರ ದನಿಯನ್ನು ಮನೆಮನೆಗೆ ಮುಟ್ಟಿಸಿತು, ಹೆಸರನ್ನು ದಾರಿಯಲ್ಲೇ ಬೀಳಿಸಿತು.

1960ರ ದಶಕದ ಮೊದಲಲ್ಲಿ ಲತಾ ಒಂದು ಪ್ರಶ್ನೆ ಎತ್ತಿದರು: ತಟ್ಟೆ ಮಾರಿದಷ್ಟೂ ಹಣ ಬರುತ್ತದಲ್ಲ, ಅದರಲ್ಲಿ ಹಾಡಿದವರಿಗೆ ಪಾಲು ಯಾಕಿಲ್ಲ? ಮಹಮ್ಮದ್ ರಫಿ ಇದಕ್ಕೆ ಒಪ್ಪಲಿಲ್ಲ. ಹಾಡಿದ್ದಕ್ಕೆ ಹಣ ಪಡೆದ ಮೇಲೆ ಲೆಕ್ಕ ಮುಗಿಯಿತು ಎಂಬುದು ಅವರ ನಿಲುವು. ಇಬ್ಬರೂ ಕೆಲವು ವರ್ಷ ಕೂಡಿ ಹಾಡಲೇ ಇಲ್ಲ. ರಫಿಯವರದು ದೊಡ್ಡ ಮನಸ್ಸು, ನಿಜ. ಆದರೆ ಅಪ್ಪನ ಕಂಪನಿ ಮುಳುಗಿದ್ದನ್ನು ಕಣ್ಣಾರೆ ಕಂಡ ಮಗಳು ಹಾಗೆ ಕೇಳಿದ್ದರಲ್ಲಿ ತಪ್ಪೇನು? ಲತಾ 1967ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ ಕನ್ನಡದಲ್ಲೂ ಹಾಡಿದರು. ಆ ದನಿಯ ಹಿಂದೆ ಇಂಥ ಗಟ್ಟಿತನ ಇತ್ತು.

ಆಮೇಲೆ ಕ್ಯಾಸೆಟ್ ಬಂತು. ಭಾವಗೀತೆಗಳ 'ನಿತ್ಯೋತ್ಸವ' 1978ರಲ್ಲಿ ಮನೆಮಾತಾಯಿತು. ಎಂಬತ್ತರ ದಶಕದಲ್ಲಿ ತತ್ವಪದ, ಭಜನೆ, ಜನಪದ ಹಾಡುಗಳೆಲ್ಲ ಟೇಪಿಗೆ ಏರಿದವು. ದೊಡ್ಡ ಕಂಪನಿ ತಿರುಗಿಯೂ ನೋಡದ ಹಳ್ಳಿ ಹಾಡುಗಾರನಿಗೆ ಕ್ಯಾಸೆಟ್ ಬಾಗಿಲು ತೆರೆಯಿತು. ಆದರೆ ನಕಲು ಮಾಡುವುದೂ ಅಷ್ಟೇ ಸಲೀಸಾಯಿತು. ಹಾಡುಗಾರನ ಕೈಗೆ ಬಂದದ್ದು ಒಂದು ಸಲದ ಸಂಭಾವನೆ ಮಾತ್ರ.

ಈಗ ಮೊಬೈಲ್. 2016ರಿಂದ ಇಂಟರ್ನೆಟ್ ಅಗ್ಗವಾಯಿತು. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಹಾಡಿದ 'ನಾ ಡ್ರೈವರ್' ಗೋವೆಯ ಲಾರಿಗಳಲ್ಲೂ ಕೇಳಿಸುತ್ತದೆ. ಬೊಂಬಾಯಿ, ಬೆಂಗಳೂರಿನ ಅಪ್ಪಣೆ ಬೇಕಿಲ್ಲ. ಇದು ಸಣ್ಣ ಮಾತಲ್ಲ. ಯೂಟ್ಯೂಬಿನ ಲೆಕ್ಕ ಹೀಗಿದೆ: ಉದ್ದ ವಿಡಿಯೋದ ಜಾಹೀರಾತಿನ ಹಣದಲ್ಲಿ ನೂರಕ್ಕೆ 55 ಪಾಲು ಚಾನೆಲ್ಲಿನ ಒಡೆಯನಿಗೆ. ಗಮನಿಸಿ, ಹಾಡಿದವನಿಗೆ ಅಲ್ಲ, ಚಾನೆಲ್ಲಿನ ಒಡೆಯನಿಗೆ.

ಇಲ್ಲಿಗೆ ನಾನು ಹೇಳಬೇಕಾದ ಕಾರಣ ಬಂತು. ಬಾಗಲಕೋಟೆ, ವಿಜಯಪುರ, ಗದಗದ ಕಡೆಯಿಂದ ದುಡಿಯಲು ಬಂದ ನಮ್ಮ ಜನ ಜುವಾರಿನಗರದಲ್ಲಿ, ಸಾಂಕ್ವಾಳದಲ್ಲಿ ಸಾಕಷ್ಟಿದ್ದಾರೆ. ಅವರಲ್ಲಿ ಒಬ್ಬರು ಹಗಲು ಗಾರೆ ಕೆಲಸ, ರಾತ್ರಿ ಭಜನೆ. ಪದ ಕಟ್ಟುವುದೂ ಅವರೇ, ಹಾಡುವುದೂ ಅವರೇ. ಒಮ್ಮೆ ಯಾರೋ ಬಂದು ಅವರ ಪದವನ್ನು ಮುದ್ರಿಸಿಕೊಂಡು, ಕೈಗೆ ಐದು ನೂರು ರೂಪಾಯಿ ಕೊಟ್ಟು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಎರಡು ವರ್ಷದ ಮೇಲೆ ಅವರ ಮಗ ಅದೇ ಮುದ್ರಣವನ್ನು ತನ್ನ ಮೊಬೈಲಿನಿಂದ ಯೂಟ್ಯೂಬಿಗೆ ಹಾಕಿದ. ಈ ಹಾಡಿನ ಹಕ್ಕು ಬೇರೆಯವರದು ಅಂತ ತಾಕೀತು ಬಂತು. "ನನ್ನ ಪದ ನನಗೇ ಇಲ್ಲವಾ?" ಅಂತ ಅವರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಆ ಕಾಗದದಲ್ಲಿ ಏನಿತ್ತು ಅಂತ ಅವರಿಗೂ ಗೊತ್ತಿರಲಿಲ್ಲ.

ಉತ್ತರವನ್ನು ಆಮೇಲೆ ಹುಡುಕಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ. ಪದ ಬರೆದವರು, ರಾಗ ಕೂಡಿಸಿದವರು ಮುಂದೆ ಬರುವ ರಾಯಲ್ಟಿಯನ್ನು ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಹಾಡಿದವರಿಗೂ ವ್ಯಾಪಾರದ ಬಳಕೆಯಲ್ಲಿ ಪಾಲು ಕೇಳುವ ಹಕ್ಕಿದೆ. ಲತಾ ಎತ್ತಿದ ಪ್ರಶ್ನೆಗೆ ಕಾನೂನು ಉತ್ತರ ಕೊಡಲು ಅರ್ಧ ಶತಮಾನ ಬೇಕಾಯಿತು. ಪದವನ್ನು ಬರೆದಿಟ್ಟ ಕ್ಷಣವೇ ಅದು ಬರೆದವರದು, ನೋಂದಣಿ ಕಡ್ಡಾಯ ಅಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹ, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಆ ಬರಹದಲ್ಲಿ ಇಲ್ಲದಿದ್ದರೆ ಐದೇ ವರ್ಷ ಅಂತ ಲೆಕ್ಕ. ಅಜ್ಜಿಯಂದಿರ ಹಳೆಯ ಜನಪದ ಹಾಡು ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಅದರ ಒಂದು ಮುದ್ರಣಕ್ಕೆ, ಅದನ್ನು ಮಾಡಿಸಿದವರು ಒಡೆಯರಾಗುತ್ತಾರೆ.

ಮುಂದಿನ ಯಂತ್ರ ಯಾವುದೋ ನಮಗೆ ಗೊತ್ತಿಲ್ಲ. ಬರುವುದಂತೂ ಖಂಡಿತ. ಶಾಲೆಯ ಗುರುಗಳಲ್ಲಿ ಒಂದು ಬೇಡಿಕೆ: ಮಕ್ಕಳ ಕೈಯಲ್ಲಿ ಅವರ ಮನೆಯ ಹಾಡುಗಳನ್ನು ಒಂದು ವಹಿಯಲ್ಲಿ ಬರೆಸಿ. ಕಟ್ಟಿದವರ ಹೆಸರು, ಊರು, ತಾರೀಖು ಇರಲಿ. ನಮ್ಮ ವಾಚನಾಲಯದ ಕಪಾಟಿನಲ್ಲಿ ಅದಕ್ಕೆ ಜಾಗ ಇದೆ. ಹಾಡುವವರಲ್ಲಿ ಇನ್ನೊಂದು: ಕಾಗದ ಯಾರಾದರೂ ತಂದರೆ, ಓದಿಸಿ ಕೇಳದೆ ಸಹಿ ಹಾಕಬೇಡಿ. ಮೊಬೈಲಿನ ಮುಂದೆ ಹಾಡಿ ಮುಗಿಸಿದಾಗ ಗೌಹರ್ ಜಾನಳ ಹಾಗೆ ನಿಮ್ಮ ಹೆಸರನ್ನೂ ಹೇಳಿಬಿಡಿ. ನಾಚಿಕೆ ಬೇಡ. ನಮ್ಮ ಹಿರಿಯರು ಅದಕ್ಕೇ ಅಂಕಿತ ಅಂತ ಕರೆದದ್ದು.