ರೈಲು ಹತ್ತಿದ ದೋಣಿ

ದಿಲ್ಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಮೈಸೂರು ಮಹಾರಾಜರ ಸಲೂನ್ ಇದೆ. (ಮಹಾರಾಣಿಯವರ ಸಲೂನ್ ಮೈಸೂರಿನ ಸಂಗ್ರಹಾಲಯದಲ್ಲೇ ಉಳಿಯಿತು.) ಅರಮನೆಯ ಒಂದು ತುಂಡನ್ನು ಗಾಲಿಯ ಮೇಲಿಟ್ಟುಕೊಂಡು ಹೊರಡುವುದು ಅರಸರ ಪ್ರವಾಸ. ಅಷ್ಟು ಅನುಕೂಲವಿಲ್ಲದವರಿಗೂ ರೈಲು ಒಂದು ಬಗೆಯ ಪ್ರವಾಸ ಕಲಿಸಿತು, ಅದಕ್ಕೆ ತಕ್ಕ ದೋಣಿಯನ್ನೂ ಹುಟ್ಟಿಸಿತು: ಮಡಚಿ ಚೀಲಕ್ಕೆ ತುಂಬುವ ಕಯಾಕ್.

ದೂರ ಪ್ರಯಾಣಕ್ಕೆ ಕಯಾಕ್ ಕೊಳ್ಳುವವರು ಇಂದು ಮೊದಲು ಅಳತೆ ಕೇಳುತ್ತಾರೆ. ಉದ್ದವಿದ್ದರೆ ನೇರ ಓಡುತ್ತದೆ, ಅಗಲವಿದ್ದರೆ ಅಲುಗಾಟ ಕಡಿಮೆ, ಹೊಟ್ಟೆ ದೊಡ್ಡದಿದ್ದರೆ ಡೇರೆ, ನೀರು, ಅಕ್ಕಿ ಹಿಡಿಯುತ್ತವೆ. ಎಲ್ಲ ಸರಿಯೇ. ಆದರೆ ಹದಿನಾರು ಅಡಿಯ ದೋಣಿಯನ್ನು ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಎಲ್ಲಿಡುವುದು, ನದಿಯವರೆಗೆ ಹೇಗೆ ಒಯ್ಯುವುದು ಎಂಬಲ್ಲಿ ಆಸೆ ಮುಗ್ಗರಿಸುತ್ತದೆ. ಉತ್ತರ ಧ್ರುವದ ಇನುಯಿಟ್ ಬೇಟೆಗಾರರಿಗೆ ಈ ತೊಂದರೆ ಇರಲಿಲ್ಲ. ಮನೆ ಮುಂದೆಯೇ ಸಮುದ್ರ. ತೇಲಿ ಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದು, ಸವಾರನ ಮೈಯಳತೆಗೆ ಅಂಗಿಯಂತೆ ದೋಣಿ ಮಾಡಿಕೊಳ್ಳುತ್ತಿದ್ದರು.

ಮ್ಯೂನಿಕ್ಕಿನ ವಾಸ್ತುಶಿಲ್ಪ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್ರಿಶ್ ಇದ್ದದ್ದು ಪೇಟೆಯಲ್ಲಿ. 1905ರಲ್ಲಿ ಆತ ಬಿದಿರಿನ ಚೌಕಟ್ಟಿಗೆ ಹಾಯಿಬಟ್ಟೆ ಹೊದಿಸಿ, ಬಿಚ್ಚಿ ಕಟ್ಟಬಹುದಾದ ಕಯಾಕ್ ಮಾಡಿ ಈಸರ್ ನದಿಗಿಳಿಸಿದ. ಬಿದಿರು ಹೆಣೆದು ಚರ್ಮ ಹೊದಿಸಿದ ತುಂಗಭದ್ರೆಯ ಹರಿಗೋಲನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ, ಹೊಸದೆಂದರೆ ಮಡಚುವುದು. ರೈಲಿನಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿ, ಹರಿವಿನೊಂದಿಗೆ ಇಳಿದು ಬಂದು, ಚೀಲ ಹೊತ್ತು ಮತ್ತೆ ರೈಲು ಹತ್ತಿದರಾಯಿತು. ರೋಸೆನ್‌ಹೈಮ್ ಊರಿನ ದರ್ಜಿ ಯೊಹಾನ್ ಕ್ಲೆಪರ್ 1907ರಲ್ಲಿ ಇದರ ಹಕ್ಕು ಕೊಂಡ. ಹೊಲಿಗೆ ಬಲ್ಲವನ ಕೈಗೇ ದೋಣಿ ಮತ್ತೆ ಸಿಕ್ಕಿತು.

ಇಂಥ ದೋಣಿ ಸಮುದ್ರಕ್ಕಾದೀತೇ? ಉತ್ತರ ಕೊಟ್ಟವನು ಹ್ಯಾಂಬರ್ಗಿನ ಕೆಲಸ ಕಳೆದುಕೊಂಡ ಎಲೆಕ್ಟ್ರೀಶಿಯನ್ ಓಸ್ಕರ್ ಸ್ಪೆಕ್. ಸೈಪ್ರಸ್ಸಿನ ತಾಮ್ರದ ಗಣಿಯಲ್ಲಿ ಕೆಲಸ ಸಿಕ್ಕೀತೆಂದು 1932ರಲ್ಲಿ ಉಲ್ಮ್ ಊರಿನಲ್ಲಿ ಡ್ಯಾನ್ಯೂಬಿಗಿಳಿದ. ಇಬ್ಬರ ದೋಣಿಯನ್ನು ಒಬ್ಬನಿಗೆ ಹೊಂದಿಸಿಕೊಂಡಿದ್ದ. ಉಳಿದ ಜಾಗವೆಲ್ಲ ಸಾಮಾನಿಗೆ. ಪುಟ್ಟ ಹಾಯಿ, ಕಾಲಿನಲ್ಲಿ ತಿರುಗಿಸುವ ಚುಕ್ಕಾಣಿ. ಸೈಪ್ರಸ್ ತಲುಪಿದ ಮೇಲೆ ಗಣಿ ಮರೆತು ಮುಂದೆ ಹೊರಟ. ಸಿರಿಯಾದಲ್ಲಿ ದೋಣಿ ಮಡಚಿ, ಬಸ್ಸಿಗೆ ಹಾಕಿ, ಯೂಫ್ರೆಟಿಸ್ ದಡದಲ್ಲಿ ಮತ್ತೆ ಕಟ್ಟಿದ. ಗಟ್ಟಿ ಮರದ ದೋಣಿಯಾಗಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತೇನೋ.

ಅಲ್ಲಿಂದ ಪರ್ಶಿಯನ್ ಕೊಲ್ಲಿ, ಕರಾಚಿ, ಮುಂಬೈ. ಮುಂದೆ ಕೊಲಂಬೊವರೆಗಿನ ದಾರಿ ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರುಗಳನ್ನು ದಾಟಿಯೇ ಹೋಗಬೇಕು. ಆತ 1935ರ ಮೇ ತಿಂಗಳಲ್ಲಿ ಸಿಲೋನ್ ಮುಟ್ಟಿದ. ಇನ್ನಷ್ಟು ತಡವಾಗಿದ್ದರೆ ಮುಂಗಾರು ಈ ಕರಾವಳಿಯ ಬಾಗಿಲು ಹಾಕುತ್ತಿತ್ತು. ಮಳೆಗಾಲದ ಅಳಿವೆಯಲ್ಲಿ ಅಲೆ ಒಡೆಯುವ ಪರಿ ನಮ್ಮ ಮೊಗವೀರರಿಗೆ ಗೊತ್ತು. ಕಯಾಕಿನಲ್ಲಿ ಮಲಗಲಾಗದು. ನಡುನೀರಿಗಿಂತ, ದಡ ಸೇರಲು ದಾಟಬೇಕಾದ ಆ ನೊರೆಯ ಪಟ್ಟಿಯೇ ಹೆಚ್ಚು ಅಪಾಯ.

ದೋಣಿಗೂ ಆಯಸ್ಸು ಕಡಿಮೆ. ಬಿಸಿಲು, ಉಪ್ಪು, ಮರಳಿಗೆ ರಬ್ಬರು ಬಟ್ಟೆ ಸವೆಯುತ್ತದೆ. ದಾರಿಯಲ್ಲಿ ಹಲವು ಬಾರಿ ದೋಣಿ ಬದಲಾಯಿತು. ತಯಾರಕರಾದ ಪಿಯೋನಿಯರ್ ಕಂಪನಿ ಜರ್ಮನಿಯಿಂದ ಹೊಸದು ಕಳಿಸುತ್ತಿತ್ತು. ಸ್ಪೆಕ್‌ನ ಸಾಹಸ ಓದಿ ಮಡಚುವ ದೋಣಿ ಕೊಳ್ಳಹೊರಟವರು ಈ ಮಾತನ್ನು ಬಿಟ್ಟು ಓದಬಾರದು.

1939ರ ಸೆಪ್ಟೆಂಬರಿನಲ್ಲಿ ಆತ ಆಸ್ಟ್ರೇಲಿಯಕ್ಕೆ ಸೇರಿದ ಸೈಬಾಯ್ ದ್ವೀಪ ಮುಟ್ಟಿದ. ಹೊರಟಾಗ ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬಂದಿರಲಿಲ್ಲ. ತಲುಪಿದಾಗ ದೋಣಿಯ ಮೇಲೆ ಸ್ವಸ್ತಿಕದ ಬಾವುಟವಿತ್ತು, ಯುದ್ಧ ಶುರುವಾಗಿತ್ತು. ಪೊಲೀಸರು ಶತ್ರುದೇಶದವನೆಂದು ಹಿಡಿದರು. ಯುದ್ಧ ಮುಗಿಯುವವರೆಗೆ ಬಂಧನ. ಆಮೇಲೆ ಅಲ್ಲಿಯೇ ನೆಲೆಸಿ ಓಪಲ್ ಕಲ್ಲಿನ ವ್ಯಾಪಾರ ಹಿಡಿದ. ಅವನ ಪ್ರಯಾಣದ ಕಾಗದಪತ್ರ, ಚಿತ್ರಗಳು ಸಿಡ್ನಿಯ ಕಡಲ ಸಂಗ್ರಹಾಲಯದಲ್ಲಿವೆ.