ಮುದ್ದೆ ಬಿಟ್ಟ ನಾಲ್ಕು ತಿಂಗಳು, ಅವ್ವನ ಒಣಬಾಡಿನ ಹಗ್ಗ



ನಾಲ್ಕು ತಿಂಗಳಿಂದ ಸಭೆಗಳಲ್ಲಿ ನಾನು ಊಟದ ಪ್ಯಾಕೆಟ್ ಬಿಚ್ಚದೆ ಪಕ್ಕಕ್ಕಿಡೋದನ್ನು ನೋಡಿ ಹಲವರು ಕೇಳ್ತಿದ್ದೀರಿ. "ಏನಣ್ಣ, ಒಬ್ಬನೇ ಉಪವಾಸ ಸತ್ಯಾಗ್ರಹಾನಾ?" ಅಂತ ಒಬ್ಬ ತಮ್ಮ ತಮಾಷೆನೂ ಮಾಡಿದ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನನಗೆ ಶುಗರ್. ಮೂರು ತಿಂಗಳ ಸರಾಸರಿ ತೋರಿಸೋ ರಕ್ತಪರೀಕ್ಷೆಯಲ್ಲಿ 9.4 ಬಂತು. ದಿನಾ ಏನು ಉಣ್ತೀರಿ ಅಂತ ಡಾಕ್ಟರಮ್ಮ ಕೇಳಿದರು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಎರಡು ಮುದ್ದೆ, ಅದರ ಮೇಲೆ ಅನ್ನ, ರಾತ್ರಿ ಮತ್ತೆ ಮುದ್ದೆ, ನಡುವೆ ಆರು ಟೀ ಅಂದೆ. ಅನ್ನ ನಿಲ್ಲಿಸಿ ಅಂದರು, ಒಪ್ಪಿಕೊಂಡೆ. ಮುದ್ದೆನೂ ನಿಲ್ಲಿಸಿ ಅಂದಾಗ ಜಗಳಕ್ಕೇ ನಿಂತೆ. "ರಾಗಿ ಶುಗರ್‌ಗೆ ಒಳ್ಳೇದಲ್ವಾ ಮೇಡಂ?" ಅವರು ನಕ್ಕರು. ರಾಗೀಲಿ ನಾರಿದೆ, ಕ್ಯಾಲ್ಸಿಯಂ ಇದೆ, ಸರಿ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಹತ್ತಿರತ್ತಿರ 70 ಗ್ರಾಂ ಕಾರ್ಬೋಹೈಡ್ರೇಟೇ. ಅಕ್ಕಿಗೂ ಅದಕ್ಕೂ ಭಾರಿ ಅಂತರವೇನಿಲ್ಲ.

ಕನಕದಾಸರ ರಾಮಧಾನ್ಯ ಚರಿತೆ ನಮಗೆಲ್ಲ ಗೊತ್ತು. ನೆಲ್ಲು ಮೇಲೋ ರಾಗಿ ಮೇಲೋ ಅನ್ನೋ ಜಗಳ ಬಂದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ, ಕೊನೆಗೆ ಗಟ್ಟಿಯಾಗಿ ಉಳಿಯೋದು ರಾಗಿ. ಆ ಕಥೆಯನ್ನ ನಾನೇ ಎಷ್ಟು ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ತಗೊಂಡಿದ್ದೀನಿ. ಈಗ ನನ್ನ ಗ್ಲುಕೋಮೀಟರು ಇಬ್ಬರನ್ನೂ ಸೆರೆಗೆ ಹಾಕಿ ಯಾರನ್ನೂ ಬಿಡಲಿಲ್ಲ.

ಮುದ್ದೆ ಬಿಟ್ಟರೆ ಹೇಗಿರುತ್ತೆ? ಮೊದಲೆರಡು ದಿನ ಏನೂ ಅನ್ನಿಸಲ್ಲ. ಮೂರನೇ ದಿನ ತಲೆನೋವು ಶುರುವಾಯ್ತು. ಮೈಯಲ್ಲಿ ಜೀವವೇ ಇಲ್ಲ, ಮಾತೆತ್ತಿದರೆ ಸಿಟ್ಟು. ರಾತ್ರಿ ಮೀನಖಂಡ ಹಿಡ್ಕೊಂಡು ಎದ್ದು ಕೂತೆ. ದೇಹ ಕೂಡಿಟ್ಟ ಪಿಷ್ಟ ಕರಗುವಾಗ ನೀರು, ಉಪ್ಪು ಎರಡೂ ಹೊರಟು ಹೋಗ್ತವಂತೆ. ಡಾಕ್ಟರಮ್ಮನ್ನ ಕೇಳಿ ಉಪ್ಪು ಹಾಕಿದ ಮಜ್ಜಿಗೆ ಕುಡಿಯೋಕೆ ಶುರು ಮಾಡಿದ ಮೇಲೆ ತಡೀತು. ಬಾಯಿ ವಾಸನೆ, ಮಲಬದ್ಧತೆ ಎಲ್ಲ ಬಂದು ಹೋದವು. ಮೊಟ್ಟೆ, ಬಾಡು, ಸೊಪ್ಪು, ಕಡ್ಲೆಬೀಜ ಹೊಟ್ಟೆ ತುಂಬ ತಿಂದರೂ ಊಟ ಮಾಡಿದೆ ಅನ್ನಿಸ್ತಿರಲಿಲ್ಲ. ಗಂಟಲಲ್ಲಿ ಮುದ್ದೆ ಇಳಿಯೋ ಆ ಭಾರ ಇಲ್ಲವಲ್ಲ! ಊರಿಗೆ ಹೋದಾಗ ಚಿಕ್ಕವ್ವ "ಯಾಕ್ ಮಗಾ, ನಮ್ಮನೆ ಹಿಟ್ಟು ಬ್ಯಾಡ್ವಾ? ಪ್ಯಾಟೆ ಸೇರಿ ದೊಡ್ ಮನ್ಸ ಆಗ್ಬುಟ್ಟಾ?" ಅಂದಳು. ಮೀನಖಂಡ ಹಿಡಿದ ನೋವಿಗಿಂತ ಅದು ಹೆಚ್ಚು ನೋಯಿಸಿತು.

ಎರಡು ವಾರ ದಾಟಿದ ಮೇಲೆ ಮಧ್ಯಾಹ್ನದ ತೂಕಡಿಕೆ ಹೋಯ್ತು. ಹಸಿವಾದರೆ ಕೈ ನಡುಗೋದು ನಿಂತಿತು. ಈಗ ಸಂಜೆ ಭಾಷಣಕ್ಕೆ ನಿಂತರೂ ತಲೆ ಚುರುಕಾಗಿರುತ್ತೆ. ಮೊನ್ನೆ ಪರೀಕ್ಷೆಯಲ್ಲಿ 7.1.

ಈ ಪಥ್ಯ ಎಲ್ಲಿಂದ ಬಂತು ಅಂತ ಹುಡುಕಿ ಓದ್ತಾ ಹೋದಾಗ ಒಂದು ಕಡೆ ದಂಗಾಗಿ ನಿಂತೆ. ಜಾನ್ ರೋಲೊ ಅಂತ ಬ್ರಿಟಿಷ್ ಸೇನೆಯ ವೈದ್ಯ. ಮೆರೆಡಿತ್ ಅನ್ನೋ ಸೇನಾಧಿಕಾರಿಯ ಮಧುಮೇಹಕ್ಕೆ ಆತ ಕೊಟ್ಟ ಚಿಕಿತ್ಸೆಯ ವಿವರ 1797ರಲ್ಲಿ ಪುಸ್ತಕವಾಗಿ ಬಂತು. ಆ ಪಥ್ಯದಲ್ಲಿ ಏನಿತ್ತು ಗೊತ್ತಾ? ಮಧ್ಯಾಹ್ನಕ್ಕೆ ಪ್ರಾಣಿಯ ರಕ್ತ ಮತ್ತು ಕೊಬ್ಬು ಸೇರಿಸಿ ಮಾಡಿದ ಅಡುಗೆ. ಮುಂದಿನ ಊಟಕ್ಕೆ ಬಹಳ ದಿನ ಇಟ್ಟು ಹಳತಾದ ಮಾಂಸ, ಹಂದಿಯ ಕೊಬ್ಬು. ಧಾನ್ಯ, ತರಕಾರಿ ಆದಷ್ಟು ಕಡಿಮೆ.

ರಕ್ತದ ಪಲ್ಯ, ಕೊಬ್ಬು, ಹಳೇ ಬಾಡು. ನಮ್ಮ ಕೇರಿಯ ಒಲೆಯ ಮೇಲೆ ಬೆಂದರೆ ಹೊಲೆ, ಇಂಗ್ಲೆಂಡಿನಲ್ಲಿ ಡಾಕ್ಟರು ಬರೆದುಕೊಟ್ಟರೆ ಔಷಧಿ!

ಆಮೇಲೆ ವಿಲಿಯಂ ಬ್ಯಾಂಟಿಂಗ್. ಬಗ್ಗಿ ಬೂಟಿನ ದಾರ ಕಟ್ಟಲಾಗದಷ್ಟು, ಮೆಟ್ಟಿಲನ್ನ ಹಿಂದುಹಿಂದಾಗಿ ಇಳಿಯಬೇಕಾದಷ್ಟು ದಪ್ಪ ಇದ್ದ ಲಂಡನ್ ಮನುಷ್ಯ. ಡಾಕ್ಟರ ಮಾತು ಕೇಳಿ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು, ಮಾಂಸ ಮೀನು ತಿಂದು ಒಂದು ವರ್ಷದಲ್ಲಿ ಸುಮಾರು 20 ಕೆಜಿ ಇಳಿದ. 1863ರಲ್ಲಿ ಅದನ್ನೇ ಕಿರುಪುಸ್ತಕ ಮಾಡಿದ, ದೇಶವೆಲ್ಲ ಓದಿತು. ಅವನ ಕಸುಬೇನು? ಹೆಣದ ಪೆಟ್ಟಿಗೆ, ಶವಸಂಸ್ಕಾರದ ಏರ್ಪಾಡು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ವಿರುದ್ಧ ಕಾದಿದ ವೆಲ್ಲೆಸ್ಲಿ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದನಲ್ಲ, 1852ರಲ್ಲಿ ಅವನ ಶವಸಂಸ್ಕಾರದ ಕೆಲಸ ಈ ಬ್ಯಾಂಟಿಂಗ್ ಮನೆತನದ್ದೇ. ಸಾವಿನ ಕೆಲಸ ಮಾಡೋನು ಅಲ್ಲಿ ಗೌರವಸ್ಥ. ಅವನ ತಟ್ಟೆಯನ್ನ ದೊರೆಗಳೂ ಅನುಸರಿಸಬಹುದು. ನನ್ನ ತಾತನೂ ಸಾವಿನ ಸುದ್ದಿ ಹೊತ್ತು ಊರೂರು ತಿರುಗಿದ, ಗುಂಡಿ ತೋಡಿದ. ಅವನಿಗೆ ಸಿಕ್ಕಿದ್ದು ಊರಾಚೆಯ ಗುಡಿಸಲು.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವವರೆಗೂ ಶುಗರ್‌ನವರಿಗೆ ಪಥ್ಯ ಬಿಟ್ಟರೆ ಗತಿ ಇರಲಿಲ್ಲ. ನಮ್ಮ ಬಾಬಾಸಾಹೇಬರಿಗೂ ಶುಗರ್ ಇತ್ತು, ಇನ್ಸುಲಿನ್ ತಗೋತಿದ್ದರು.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ನಮ್ಮನೆ ಹಿಂದೆ ಎರಡು ಗೂಟಕ್ಕೆ ಕಟ್ಟಿದ ಹಗ್ಗ ಇತ್ತು. ಬಾಡು ಸಿಕ್ಕಿದಾಗ ಅವ್ವ ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ ಅದರ ಮೇಲೆ ಒಣಗಿಸ್ತಿದ್ದಳು. ಕೂಲಿ ಇಲ್ಲದ ಮಳೆಗಾಲಕ್ಕೆ ಅದೇ ಆಸರೆ. ನಾನು ಸಂಘಟನೆ ಸೇರಿದ ಹೊಸತು. 1927ರ ಮಾರ್ಚಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಅಂದದ್ದನ್ನು ಓದಿದ್ದೆ. ಪಟ್ಟಣದಿಂದ ಸಂಗಾತಿಗಳು ಮನೆಗೆ ಬರೋರಿದ್ದರು. ಆ ಹಗ್ಗ ಕಿತ್ತೆಸೆದೆ. "ಇದ್ರಿಂದಾನೇ ನಮ್ಮನ್ನ ಹೊರಗಿಟ್ಟಿರೋದು" ಅಂತ ಕೂಗಾಡಿದೆ. ಅವ್ವ ನೆಲದಲ್ಲಿ ಬಿದ್ದ ಬಾಡಿನ ಮಣ್ಣು ಒರೆಸ್ತಾ "ದುಡ್ ಕೊಟ್ಟು ತಂದಿದ್ದು ಕಣೋ, ಸತ್ತಿದ್ದಲ್ಲ" ಅಂದಳು. ಅಷ್ಟೇ. ಆಮೇಲೆ ಅವಳು ಹಗ್ಗ ಕಟ್ಟಲೇ ಇಲ್ಲ. ಆ ಮಳೆಗಾಲ ನಾವು ಉಂಡದ್ದು ಹಿಟ್ಟು, ಮೆಣಸಿನಕಾಯಿ ಸಾರು.

ಬಾಬಾಸಾಹೇಬರು ಬಿಡಿ ಅಂದದ್ದು ಬೇರೆಯವರು ಎಸೆದದ್ದನ್ನ ಎತ್ತಿಕೊಳ್ಳೋ ಗುಲಾಮಗಿರಿಯನ್ನ. 1948ರ ಅಸ್ಪೃಶ್ಯರ ಬಗೆಗಿನ ಪುಸ್ತಕದಲ್ಲಿ, ಒಂದು ಕಾಲಕ್ಕೆ ಬ್ರಾಹ್ಮಣರೂ ದನ ತಿಂತಿದ್ದರು ಅಂತ ಅವರೇ ತೋರಿಸಿಕೊಟ್ಟಿದ್ದಾರೆ. ನಾನು ಎಂಜಲನ್ನೂ ಅವ್ವನ ಅಡುಗೆಯನ್ನೂ ಒಂದೇ ಅಂದುಕೊಂಡೆ. ಅವಮಾನ ಮಾಡೋರ ಕಣ್ಣಿಂದ ನನ್ನ ಮನೆಯ ಹಗ್ಗ ನೋಡಿದೆ. ಅವ್ವ ಈಗ ಇಲ್ಲ.

ಹಾಗಂತ ನಮ್ಮ ಹಿರೀಕರು ಬಾಡು ತಿಂದು ಗಟ್ಟಿಮುಟ್ಟಾಗಿದ್ದರು ಅಂತ ಸುಳ್ಳು ಹೇಳಲ್ಲ. ಜೀತಕ್ಕಿದ್ದ ಅಪ್ಪನಿಗೆ ಧಣಿ ಅಳೆದು ಕೊಡ್ತಿದ್ದದ್ದು ರಾಗಿ. ಹೊಟ್ಟೆ ತುಂಬಿಸಿದ್ದು, ದುಡಿಸಿದ್ದು ಎರಡೂ ಅದೇ. ಬಾಡು ಕಂಡದ್ದು ಯಾವಾಗಲೋ ಒಮ್ಮೆ. 2013ರಲ್ಲಿ ಅನ್ನಭಾಗ್ಯ ಬಂದಾಗ ನಾನು ಕುಣಿದಾಡಿದೆ, ಇವತ್ತೂ ಅದನ್ನ ಬಿಟ್ಟುಕೊಡಲ್ಲ. ಹಸಿವು ಗೊತ್ತಿಲ್ಲದೋರು ಮಾತ್ರ ಪುಕ್ಕಟೆ ಅಕ್ಕಿ ಅಂತ ಮೂಗು ಮುರೀತಾರೆ. ಆದರೆ ಹೊಟ್ಟೆ ತುಂಬಿಸೋ ಲೆಕ್ಕ ಬೇರೆ, ಮೈಗೆ ಹತ್ತೋ ಲೆಕ್ಕ ಬೇರೆ. ರೇಷನ್‌ನಲ್ಲಿ ಅಕ್ಕಿ ಸಿಗುತ್ತೆ, ಮೊಟ್ಟೆ ಸಿಗಲ್ಲ. ಕುರಿ ಬಾಡು ಕೆಜಿಗೆ 700 ರೂಪಾಯಿ ದಾಟಿದೆ. ಬಡವರಿಗೆ ಎಟುಕುತ್ತಿದ್ದ ದನದ ಮಾಂಸಕ್ಕೆ 2020ರ ಕಾಯ್ದೆ ಬೀಗ ಹಾಕಿತು. 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದದ್ದೆಲ್ಲ ಅಪರಾಧ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮೊಟ್ಟೆ ಕೊಟ್ಟರೆ ಕೆಲವು ಮಠಾಧೀಶರು ಬೀದಿಗಿಳಿದರು. 2024ರ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಕೇಳಿದ್ದಕ್ಕೆ ನಮ್ಮನ್ನ ಆಡಿಕೊಂಡರು. ಅದೇ ಹೊತ್ತಿಗೆ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಮೂಳೆ ಸೂಪು 'ಕೀಟೋ' ಅಂತ ಹೆಸರು ಹೊತ್ತು ಮಾರಾಟಕ್ಕಿದೆ. ಉಳ್ಳವರಿಗೆ ಪಥ್ಯವಾದದ್ದು ನಮಗೆ ಪೊಲೀಸ್ ಕೇಸು.

ಕೊನೆಗೆ ಎರಡು ಮಾತು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೋಳೋರು ನನ್ನ ಪೋಸ್ಟ್ ಓದಿ ನಾಳೆನೇ ಮುದ್ದೆ ಬಿಡಬೇಡಿ. ಡೋಸ್ ಇಳಿಸದೆ ಊಟ ಇಳಿಸಿದರೆ ಶುಗರ್ ಕುಸಿದು ಬಿದ್ದೀರಿ. ಕಿಡ್ನಿ, ಬಿಪಿ ತೊಂದರೆ ಇದ್ದವರಂತೂ ಡಾಕ್ಟರನ್ನ ಕೇಳದೆ ಏನೂ ಮಾಡಬೇಡಿ. ನನ್ನ ಮಾತ್ರೆಯನ್ನೂ ಡಾಕ್ಟರಮ್ಮನೇ ಇಳಿಸಿದ್ದು.

ಇನ್ನೊಂದು, ಸಂಘಟಕರಲ್ಲಿ ಮನವಿ. ನಮ್ಮ ಸಭೆಗಳಲ್ಲಿ 50 ದಾಟಿದವರಲ್ಲಿ ಶುಗರ್ ಇರೋರು ಕಡಿಮೆ ಇಲ್ಲ. ಮುಂದಿನ ಸಭೆಯಿಂದ ಪುಳಿಯೋಗರೆ ಪ್ಯಾಕೆಟ್ ಪಕ್ಕ ಎರಡು ಬೇಯಿಸಿದ ಮೊಟ್ಟೆ ಇಡಿ. ಯಾರಾದರೂ ಮುಖ ಸಿಂಡರಿಸಿದರೆ ನನ್ನ ಹತ್ತಿರ ಕಳಿಸಿ.

ಕಳೆದ ವಾರ ನಮ್ಮ ತಾರಸಿ ಮೇಲೆ ಹಗ್ಗ ಕಟ್ಟಿದೆ. ಬಾಡು ಸೀಳೋಕೆ ಅವ್ವನ ಕೈ ನನಗಿಲ್ಲ, ದಪ್ಪದಪ್ಪ ಆಗಿದೆ. ಒಣಗೋಕೆ ಇನ್ನೆರಡು ದಿನ ಬೇಕು.

ಜೈಭೀಮ್.