ಕಟವಪ್ರದ ಬಂಡೆ ಮತ್ತು ಆತಕೂರಿನ ಕಲ್ಲು: ಸ್ಮಾರಕಗಳ ಬಾಳಿಕೆಯನ್ನು ಕುರಿತು ಒಂದು ವಿಚಾರ

ಸ್ಮಾರಕವೆಂದೊಡನೆ ಎತ್ತರವಾದ ಪೀಠ, ಅದರ ಮೇಲೊಂದು ಪ್ರತಿಮೆ, ಸುತ್ತಲೂ ಕಂಬಿಯ ಬೇಲಿ, ಇವು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಸುತ್ತಣ ನೆಲದಿಂದ ಬೇರೆಯಾಗಿ ಕಾಣುವುದೇ ಸ್ಮಾರಕದ ಮುಖ್ಯ ಲಕ್ಷಣವೆಂಬ ಭಾವನೆ ಇದಕ್ಕೆ ಕಾರಣ. ಕನ್ನಡ ನಾಡಿನ ಪ್ರಾಚೀನ ಶಾಸನಗಳನ್ನು ಪರಿಶೀಲಿಸಿದರೆ ಇದಕ್ಕೆ ತೀರ ಭಿನ್ನವಾದ ಒಂದು ಕ್ರಮವೂ ಇದ್ದಿತೆಂಬುದು ತಿಳಿದುಬರುತ್ತದೆ. ಸ್ಮಾರಕವು ತಾನು ನಿಂತ ನೆಲದೊಡನೆ ಒಂದಾಗಿಯೂ ಶತಮಾನಗಳ ಕಾಲ ಬಾಳಬಲ್ಲುದೆ? ಬಾಳುವುದಾದರೆ ಅದರಿಂದ ಒದಗುವ ನಷ್ಟವೇನು? ಈ ಪ್ರಶ್ನೆಗಳನ್ನು ಎರಡು ನಿದರ್ಶನಗಳ ಮೂಲಕ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಶ್ರವಣಬೆಳ್ಗೊಳದ ಚಿಕ್ಕಬೆಟ್ಟ ಅಥವಾ ಚಂದ್ರಗಿರಿ. ಶಾಸನಗಳಲ್ಲಿ ಇದಕ್ಕೆ ಕಟವಪ್ರ, ಕಳ್ವಪ್ಪು ಎಂಬ ಹೆಸರುಗಳಿವೆ. ಜೈನ ಮುನಿಗಳೂ ಕಂತಿಯರೂ ಇಲ್ಲಿಗೆ ಬಂದು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದರು. ಅವರ ನೆನಪಿಗಾಗಿ ಕೆತ್ತಿದ ಆದಿಕಾಲದ ಬರಹಗಳು ಬೆಟ್ಟದ ಹಾಸುಬಂಡೆಯ ಮೇಲೆಯೇ ಇವೆ. ಇವುಗಳಲ್ಲಿ ಅತ್ಯಂತ ಪ್ರಾಚೀನವೆನಿಸಿದ, ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವು ಪ್ರಭಾಚಂದ್ರ ಮುನಿಯ ಸಮಾಧಿಯನ್ನೂ, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅಲ್ಲಿಯೇ ಸಿದ್ಧಿ ಪಡೆದುದನ್ನೂ ಹೇಳುತ್ತದೆ. ಅನಂತರದ ಕನ್ನಡ ಬರಹಗಳಲ್ಲಿ ಅನೇಕವು ಒಂದೇ ಪದ್ಯದಷ್ಟು ಚಿಕ್ಕವು. ಸುಮಾರು ಕ್ರಿ.ಶ. 700ರ ನಂದಿಸೇನ ಮುನಿಯ ನಿಸಿದಿ ಬರಹವು ರೂಪ ವಿಭವಗಳನ್ನು ಕಾಮನಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸಿ, ಅವು ಯಾರಿಗೂ ನಿಲ್ಲತಕ್ಕವಲ್ಲವೆನ್ನುತ್ತದೆ. ಯಾವುದೂ ನಿಲ್ಲದೆಂಬ ಈ ಮಾತೇ ಸಾವಿರದ ಮುನ್ನೂರು ವರ್ಷ ಬಂಡೆಯ ಮೇಲೆ ನಿಂತಿರುವುದು ವಿಚಾರಾರ್ಹವಾಗಿದೆ.

ಈ ಸ್ಮಾರಕಗಳಿಗೆ ಹೊರಗಿನಿಂದ ಕಲ್ಲನ್ನು ತರಬೇಕಾಗಿರಲಿಲ್ಲ, ತಳಪಾಯ ಬೇಕಿರಲಿಲ್ಲ, ಉಳಿಯೊಂದಿದ್ದರೆ ಸಾಕಾಗಿತ್ತು. ಸಕಲವನ್ನೂ ತೊರೆದ ತಪಸ್ವಿಗೆ ಇದು ಉಚಿತವೂ ಆಗಿದ್ದಿತು. ಕಾಲ ಕಳೆದಂತೆ ಈ ಕ್ರಮ ಬದಲಾಯಿತು. ಕ್ರಿ.ಶ. 974ರಲ್ಲಿ ಸಲ್ಲೇಖನದಿಂದ ಮಡಿದ ಗಂಗರಾಜ ಮಾರಸಿಂಹನ ಸ್ಮಾರಕವಾಗಿ ಕೂಗೆ ಬ್ರಹ್ಮದೇವ ಕಂಬವು ಎದ್ದು ನಿಂತಿತು. ಕ್ರಿ.ಶ. 1176ರಲ್ಲಿ ನಯಕೀರ್ತಿ ಮುನಿಯು ತೀರಿಕೊಂಡಾಗ ಅವನ ಶಿಷ್ಯನಾದ ಮಂತ್ರಿ ನಾಗದೇವನು ಶಾಸನಸ್ತಂಭವನ್ನು ನಿಲ್ಲಿಸಿದನು. ಅದಿರುವುದು ನಾಲ್ಕು ಕಂಬಗಳ ಒಂದು ಮಂಟಪದ ನಡುವೆ. ಮಂಟಪದ ಮರೆಯಲ್ಲಿರುವ ಬರಹಕ್ಕೆ ಬಿಸಿಲು ಮಳೆಗಳಿಂದ ರಕ್ಷಣೆಯುಂಟು. ಬಯಲು ಬಂಡೆಯ ಅಕ್ಷರಕ್ಕೆ ಅದಿಲ್ಲ. ಮೇಲಾಗಿ ಬೆಟ್ಟವನ್ನು ಏರಿಬಂದ ಭಕ್ತನ ಪಾದವೇ ಅದನ್ನು ಸವೆಸಬಲ್ಲುದು.

ನೆಲದೊಡನೆ ಬೆರೆತ ಬರಹವು ಕಣ್ಣಿಗೂ ಸುಲಭವಾಗಿ ಬೀಳದು. ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳ್ಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಈ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573 ಆಯಿತು. ಅಕ್ಷರಗಳು ಅಲ್ಲಿಯೇ ಇದ್ದುವು; ಹುಡುಕಿ ಓದುವವರು ಬರಬೇಕಾಗಿತ್ತು. ಹೊಂದಿಕೆ ಮಿತಿಮೀರಿದರೆ ಅದು ಮರೆವಿಗೆ ಎಡೆಗೊಡುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ನಿದರ್ಶನ ಮಂಡ್ಯ ಜಿಲ್ಲೆಯ ಆತಕೂರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಗಂಗ ಬೂತುಗನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಕ್ರಿ.ಶ. 949-50ರ ಈ ಶಾಸನದ ಪ್ರಕಾರ, ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕಾಗಿ ಬಿಡಲಾಯಿತು. ಆ ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದೂ ವಿಧಿಸಿದೆ. ಕಲ್ಲನ್ನು ನೆಟ್ಟವರು ಅದರ ಮುಂದಿನ ಪಾಲನೆಗೆ ಕೆರೆ, ಗದ್ದೆ, ಪೂಜೆಗಳನ್ನು ಒಂದಕ್ಕೊಂದು ಹೆಣೆದರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬರಹ ಸುರಕ್ಷಿತವಾಗಿದೆ, ಅದಕ್ಕೆ ಅರ್ಥವಿತ್ತ ಕೆರೆಯೂ ಗದ್ದೆಯೂ ನೋಡುವವನ ಕಣ್ಣಮುಂದಿಲ್ಲ. ಕಟವಪ್ರದ ಬರಹಕ್ಕೆ ಸವೆಯುವ ಭಯವಿದ್ದರೆ, ಆತಕೂರಿನ ಕಲ್ಲಿಗೆ ನೆಲೆತಪ್ಪುವ ಭಯವಿದ್ದಿತು.

ಈ ಸಮಸ್ಯೆ ಗತಕಾಲಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1982ರಲ್ಲಿ ಲೋಕಾರ್ಪಣೆಯಾದ ವಿಯೆಟ್ನಾಂ ಯುದ್ಧಸ್ಮಾರಕವನ್ನು ಮಾಯಾ ಲಿನ್ ಅವರು ನೆಲದ ಮೇಲೆ ಎತ್ತರಿಸದೆ ನೆಲವನ್ನು ಸೀಳಿ ರೂಪಿಸಿದರು. ತಲಾ ಸುಮಾರು 246 ಅಡಿ ಉದ್ದದ ಎರಡು ಗೋಡೆಗಳು ಹುಲ್ಲುನೆಲಕ್ಕೆ ಆನಿಕೊಂಡು ಇಳಿಯುತ್ತವೆ; ಅವುಗಳ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ಆ ಕಪ್ಪು ಕಲ್ಲು ಬೆಂಗಳೂರಿನ ಕಡೆಯಿಂದ ಹೋದುದು. ಹೊಳಪಿಟ್ಟ ಕಲ್ಲಿನಲ್ಲಿ ನೋಡುವವರ ಮುಖವೂ ಹೆಸರುಗಳೂ ಒಟ್ಟಿಗೆ ಕಾಣುವುದರಿಂದ ಈ ಸ್ಮಾರಕವು ನೆಲದಲ್ಲಿ ಬೆರೆತರೂ ಮರೆಯಾಗುವುದಿಲ್ಲ. ಆದರೆ ಕಲ್ಲು ಬಹುದೂರದ್ದು. ನೆಲದೊಡನೆ ಹೊಂದಿಕೆಯು ಇಲ್ಲಿ ಆಕಾರದಿಂದ ಬಂದುದೇ ಹೊರತು ವಸ್ತುವಿನಿಂದಲ್ಲ.

ಆದಕಾರಣ ಸ್ಮಾರಕದ ಬಾಳಿಕೆಯನ್ನು ಕಲ್ಲಿನ ಗಟ್ಟಿತನವೊಂದರಿಂದಲೇ ಅಳೆಯಲಾಗದು. ನೆಲೆಗೆ ಒಪ್ಪುವ ರೂಪ, ಜನ ನಿತ್ಯ ಹಾದುಹೋಗುವ ಎಡೆ, ಮುಂದಿನ ತಲೆಮಾರಿಗೆ ವಹಿಸಿಕೊಟ್ಟ ಪಾಲನೆಯ ಹೊಣೆ, ಈ ಮೂರೂ ಕೂಡಿರಬೇಕು. ಇಂದು ಊರೂರುಗಳಲ್ಲಿ ಸ್ಮಾರಕಗಳನ್ನು ನಿಲ್ಲಿಸುವವರು ಪ್ರತಿಮೆಯ ಎತ್ತರವನ್ನು ನಿರ್ಧರಿಸುವ ಮುನ್ನ, ನೂರು ವರ್ಷಗಳ ಮೇಲೆ ಅದರ ಪಾಚಿಯನ್ನು ಒರಸುವವರಾರೆಂದು ಕೇಳಿಕೊಳ್ಳುವುದು ಒಳಿತು. ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲೊಂದು ಕರ್ತವ್ಯವಿದೆ. ಕೆರೆಯ ಏರಿಯಲ್ಲೋ ಹೊಲದ ಬದುವಿನಲ್ಲೋ ನಿಂತ ವೀರಗಲ್ಲನ್ನು ಕಂಡಾಗ ಅದರ ಅಕ್ಷರಗಳನ್ನು ಪ್ರತಿಮಾಡಿಕೊಂಡು ಹಿಂತಿರುಗಿದರೆ ಸಾಲದು. ಅದು ಯಾವ ದಿಕ್ಕಿಗೆ ಮುಖಮಾಡಿದೆ, ಯಾವ ದಾರಿಯ ಪಕ್ಕದಲ್ಲಿದೆ, ಯಾರು ಅದಕ್ಕೆ ಹೂವಿಡುತ್ತಾರೆ ಎಂಬುದನ್ನೂ ಬರೆದುಕೊಳ್ಳಬೇಕು. ಕಲ್ಲನ್ನು ಮುಂದೆಂದಾದರೂ ಬೇರೆಡೆಗೆ ಸಾಗಿಸಬೇಕಾದಾಗ ಅದರ ನೆಲೆಯ ನೆನಪು ಆ ಬರಹದಲ್ಲಾದರೂ ಉಳಿಯುತ್ತದೆ.